ಅಪ್ಪನ ಕಪ್ಪು ಟ್ರಂಕು, ಅಮ್ಮನ 'ಮ್ಮ'

ಅಪ್ಪನ ಹಾಲು ತುಪ್ಪ ಮುಗಿಸಿಕೊಂಡು ಬಂದ ಸಂಜೆ ಅಮ್ಮ ಒಂದು ಬೀಗದ ಕೈ ತಂದು ನನ್ನ ಮುಂದೆ ಇಟ್ಟಳು. ಖಾಕಿ ದಾರಕ್ಕೆ ಕಟ್ಟಿದ ಹಿತ್ತಾಳೆ ಕೀ. "ನಾನು ಹೋದ್ಮೇಲೆ ಟ್ರಂಕ್ ತೆಗೀರಿ, ಅದಕ್ಕೆ ಮುಂಚೆ ಬೇಡ ಅಂದಿದ್ರು. ಈಗ ಹೋದ್ರಲ್ಲ, ತೆಗಿ" ಅಂದಳು. ಅತ್ತು ಅತ್ತು ಗಂಟಲು ಕಟ್ಟಿತ್ತು. ಆದರೂ ಆ ಮಾತಲ್ಲಿ ಸ್ವಲ್ಪ ಸಿಟ್ಟು ಇದ್ದೇ ಇತ್ತು.

ಟ್ರಂಕು ನಮಗೇನು ಹೊಸದಲ್ಲ. ಲಾರಿ, ರೈಲು, ಜಟಕಾ ಎಲ್ಲಾ ಹತ್ತಿ ನಮ್ಮ ಜೊತೆ ಊರೂರು ಸುತ್ತಿದ್ದು. ಕಪ್ಪು ತಗಡು, ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ಹುದ್ದೆ, ಹೆಸರು. ಹುದ್ದೆ ಬರೆದ ಕಡೆ ಮಾತ್ರ ಬಣ್ಣ ದಪ್ಪ. ಪ್ರತಿ ಬಡ್ತಿಗೂ ಹಳೇದರ ಮೇಲೆ ಕಪ್ಪು ಬಳಿದು ಹೊಸದು ಬರೆಸ್ತಿದ್ದರು. ಅವತ್ತು ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ 'ಲೆಫ್ಟಿನೆಂಟ್ ಕರ್ನಲ್' ಅಡಿಯಿಂದ 'ಕ್ಯಾಪ್ಟನ್' ಇಣುಕ್ತಿತ್ತು. ನಾನು ಹುಟ್ಟಿದಾಗ ಅಪ್ಪ ಅದೇ ಆಗಿದ್ದರು.

ಮುಚ್ಚಳ ತೆಗೆದರೆ ಮೇಲೇ ಒಂದು ಫೈಲು. ಮೇಲೆ ದೊಡ್ಡದಾಗಿ 'ಎನ್‌ಒಕೆ' ಅಂತ ಬರೆದಿತ್ತು. ನೆಕ್ಸ್ಟ್ ಆಫ್ ಕಿನ್, ಅಂದರೆ ಹತ್ತಿರದ ಸಂಬಂಧಿ. ಸೈನ್ಯದ ಕಾಗದದಲ್ಲಿ ಅಮ್ಮನ ಹೆಸರು ಅದೇ. ಒಳಗೆ ಮೊದಲ ಹಾಳೆ ಕನ್ನಡದಲ್ಲಿ, ಅಪ್ಪನ ಮುದ್ದಾದ ಅಕ್ಷರ. ಮೊದಲ ಸಾಲು: 'ಡೆತ್ ಸರ್ಟಿಫಿಕೇಟ್ ಹತ್ತು ಪ್ರತಿ ತಗೊಳ್ಳಿ. ಐದು ಸಾಕು ಅಂತ ಯಾರಾದರೂ ಹೇಳುತ್ತಾರೆ. ಕೇಳಬೇಡಿ.'

ತಮ್ಮ ಆಗಲೇ ಐದು ಪ್ರತಿಗೆ ಅರ್ಜಿ ಹಾಕಿ ಬಂದಿದ್ದ!

ಇದು 2024ರ ಫೆಬ್ರವರಿ ಮಾತು. ಅಪ್ಪನಿಗೆ 82. ಪಿಂಚಣಿಯನ್ನು ಅಮ್ಮನ ಹೆಸರಿಗೆ ಮಾಡಿಸೋದು ನನ್ನ ಪಾಲಿಗೆ ಬಂತು. ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ಅಪ್ಪನ ವಿಷಯ ನನಗೆ ಗೊತ್ತಾದಷ್ಟು, ಅವರು ಎದುರಿಗೆ ಕೂತು ಕಾಫಿ ಕುಡೀತಿದ್ದ ಮೂವತ್ತು ವರ್ಷದಲ್ಲಿ ಗೊತ್ತಾಗಿರಲಿಲ್ಲ.

ಮೊದಲ ಜಗಳ ಶ್ರದ್ಧಾಂಜಲಿ ಜಾಹೀರಾತಿನದು. ಪೇಪರಿನವರು 'ನಿವೃತ್ತ ಲೆಫ್ಟಿನೆಂಟ್ ಕರ್ನಲ್' ಅಂತ ಅಚ್ಚು ಹಾಕಿ ಕಳಿಸಿದರು. ಅಮ್ಮ ನೋಡಿದ ಕೂಡಲೇ "ಇದು ತಪ್ಪು" ಅಂದಳು. ಹುದ್ದೆ ಮೊದಲು, ಆಮೇಲೆ ಹೆಸರು, ಎಲ್ಲದರ ಕೊನೆಗೆ ಬ್ರಾಕೆಟ್ಟಿನಲ್ಲಿ 'ನಿವೃತ್ತ'. ಸೈನ್ಯದ ಪದ್ಧತಿ ಹಾಗೆ. ಮನುಷ್ಯ ನಿವೃತ್ತ ಆಗ್ತಾನೆ, ಹುದ್ದೆ ಆಗಲ್ಲ. ನನ್ನ ಮದುವೆ ಕಾರ್ಡಿನಲ್ಲೂ ಇದೇ ತಪ್ಪಾಗಿ ಅಪ್ಪ ಮುನ್ನೂರು ಕಾರ್ಡನ್ನೂ ವಾಪಸ್ ಕಳಿಸಿದ್ದರು. ಆಗ ನನಗೆ ಅವಮಾನ ಆದಂಗಿತ್ತು, ಗಂಡಿನ ಕಡೆಯವರು ಏನಂದುಕೊಂಡಾರು ಅಂತ. ಈಗ ಅದೇ ಬ್ರಾಕೆಟ್ಟಿಗೋಸ್ಕರ ನಾನು ಪೇಪರ್ ಆಫೀಸಿಗೆ ಮೂರು ಸಲ ಫೋನ್ ಮಾಡಿದೆ.

ರಕ್ಷಣಾ ಪಿಂಚಣಿ ಈಗ ಎಲ್ಲಾ 'ಸ್ಪರ್ಶ್' ಅನ್ನೋ ಪೋರ್ಟಲ್‌ನಲ್ಲಿ, ಪ್ರಯಾಗರಾಜ್‌ನಿಂದ ನಡೆಯುತ್ತೆ. ಮೊದಲು ಸಾವನ್ನು ತಿಳಿಸಬೇಕು. ಸತ್ತ ದಿನವೂ ಸೇರಿ ಅಲ್ಲಿವರೆಗಿನದು ಅಪ್ಪನ ಪಿಂಚಣಿ, ಮಾರನೇ ದಿನದಿಂದ ಕುಟುಂಬ ಪಿಂಚಣಿ. ಅಪ್ಪನದು ಸಂಬಳದ ಅರ್ಧದ ಲೆಕ್ಕ. ಅಮ್ಮನದು ಅದೇ ಸಂಬಳದ ಶೇ 30ರ ಲೆಕ್ಕ. ಅದರ ಮೇಲೆ 80 ದಾಟಿದವರಿಗೆ ಶೇ 20 ಜಾಸ್ತಿ ಸಿಗುತ್ತೆ, ಅಪ್ಪನಿಗೆ ಸಿಕ್ತಿತ್ತು. ಅಮ್ಮನಿಗೆ 76, ಇನ್ನೂ ಕಾಯಬೇಕು. "ಹಂಗಾದ್ರೆ ಅವರು ಹೋದ್ರೆ ಅಕ್ಕಿ ಬೇಳೆನೂ ಅಷ್ಟು ಕಮ್ಮಿ ಆಗುತ್ತಾ?" ಅಂತ ಅಮ್ಮ ಕೇಳಿದಳು. ನನ್ನ ಹತ್ರ ಉತ್ತರ ಇರಲಿಲ್ಲ.

ಮೊದಲ ಅರ್ಜಿ ಹತ್ತು ದಿನದಲ್ಲಿ ವಾಪಸ್ ಬಂತು. ತಮ್ಮ ಸೇನಾ ಸಂಖ್ಯೆಯನ್ನು ಒಂದು ಪದಕದಿಂದ ನೋಡಿ ಬರೆದಿದ್ದ. ಪದಕದ ಅಂಚಿನಲ್ಲಿ ಸಂಖ್ಯೆ, ಹುದ್ದೆ, ಹೆಸರು ಕೊರೆದಿರ್ತಾರೆ. ಭೂತಗನ್ನಡಿ ಹಿಡಿದೇ ಓದಬೇಕು. ಅವನ ಕೈಗೆ ಸಿಕ್ಕಿದ್ದು ಹಳೇ ಪದಕ, ಅದರಲ್ಲಿ 'ಇಸಿ' ಅಂತ ಶುರು. ಆಮೇಲಿನ ಪದಕಗಳಲ್ಲಿ 'ಐಸಿ'. ಒಬ್ಬರೇ ಮನುಷ್ಯ, ಎರಡು ನಂಬರು.

ಅದರ ಹಿಂದೆ ಹೋದಾಗಲೇ ಅಪ್ಪ ಸೈನ್ಯಕ್ಕೆ ಸೇರಿದ ಕಥೆ ಸರಿಯಾಗಿ ಅರ್ಥ ಆಗಿದ್ದು. 1962ರಲ್ಲಿ ಚೀನಾ ಯುದ್ಧ ಆದ ಮೇಲೆ ಸೈನ್ಯಕ್ಕೆ ಅಧಿಕಾರಿಗಳೇ ಸಾಲದೆ ತುರ್ತು ಕಮಿಷನ್, ಅಂದರೆ ತಾತ್ಕಾಲಿಕವಾಗಿ ಅಧಿಕಾರಿ ಹುದ್ದೆ ಕೊಡೋದು, ಶುರು ಮಾಡಿದರು. ಅಪ್ಪ ಆಗಷ್ಟೇ ಎಂಜಿನಿಯರಿಂಗ್ ಮುಗಿಸಿ ಲೋಕೋಪಯೋಗಿ ಇಲಾಖೆಯ ಕೆಲಸಕ್ಕೆ ಕಾಯ್ತಿದ್ದರು. 1963ರಲ್ಲಿ ಮದರಾಸಿನಲ್ಲಿ ಅಧಿಕಾರಿಗಳ ತರಬೇತಿ ಶಾಲೆ ತೆರೆದರು, ಇವರು ಮನೆಯಲ್ಲಿ 'ಇಂಟರ್‌ವ್ಯೂಗೆ ಹೋಗ್ತೀನಿ' ಅಂತ ಹೇಳಿ ಅರಸೀಕೆರೆಯಲ್ಲಿ ರೈಲು ಹತ್ತಿದರು. ಅಜ್ಜಿಗೆ ಗೊತ್ತಾಗಿದ್ದು ತಲೆ ಬೋಳಿಸಿದ ಫೋಟೋ ಬಂದ ಮೇಲೆ. ಯಾರು ಸತ್ತರೋ ಅಂತ ಅಜ್ಜಿ ಕೂಗಾಡಿದ್ದರಂತೆ. 'ಇಸಿ' ಅಂದರೆ ಆ ತುರ್ತು ಕಮಿಷನ್. ಅವರಲ್ಲಿ ಆರಿಸಿ ಕೆಲವರಿಗೆ ಕಾಯಂ ಮಾಡಿದಾಗ ನಂಬರು 'ಐಸಿ' ಆಯಿತು. ಆಯ್ಕೆ ಆಗದವರು ಮನೆಗೆ. ಅಪ್ಪ ಈ ಆಯ್ಕೆ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಒಂದು ವರ್ಷ ಎಷ್ಟು ಭಯ ಇಟ್ಟುಕೊಂಡಿದ್ದರೋ.

ಅವರದು ಎಂಜಿನಿಯರ್ಸ್ ದಳ, ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನವರಿಗೆ ಹಲಸೂರು ಕೆರೆ ಪಕ್ಕದ ಎಂಇಜಿ ಅಂದರೆ ಗೊತ್ತಾಗುತ್ತೆ. 1780ರಷ್ಟು ಹಳೇ ಪಡೆ. ಜವಾನರನ್ನು 'ತಂಬಿ' ಅಂತಲೇ ಕರೀತಾರೆ. ಸೇತುವೆ ಕಟ್ಟೋದು, ರಸ್ತೆ ಮಾಡೋದು, ನೆಲಬಾಂಬು ಹುಗಿಯೋದು, ತೆಗೆಯೋದು ಇವರ ಕೆಲಸ. ಎಂಜಿನಿಯರ್ಸ್ ದಳದ ಧ್ಯೇಯವಾಕ್ಯ 'ಸರ್ವತ್ರ'. ಅಮ್ಮ ಅದಕ್ಕೆ ಯಾವಾಗಲೂ ಒಂದು ಬಾಲ ಸೇರಿಸ್ತಿದ್ದಳು: "ಸರ್ವತ್ರ ಇರ್ತಾರೆ, ಮನೇಲೊಂದು ಬಿಟ್ಟು."

ಮನೆಯಲ್ಲಿದ್ದಾಗ ಮಾತ್ರ ಮನೆಯೇ ಸೈನ್ಯದ ಒಂದು ಕಂಪನಿ. ಬೀರು ಪಕ್ಕಕ್ಕೆ ಸರಿಸಬೇಕು ಅಂದರೆ ಅಪ್ಪ "ಪ್ಯಾನೆಲ್ ಪಾರ್ಟಿ!" ಅಂತ ಕೂಗ್ತಿದ್ದರು. ಬೈಲಿ ಸೇತುವೆ ಅಂತ ಒಂದಿದೆ, ಪ್ಯಾನೆಲ್ ಅನ್ನೋ ಉಕ್ಕಿನ ಚೌಕಟ್ಟುಗಳನ್ನು ಪಿನ್ ಹಾಕಿ ಜೋಡಿಸ್ತಾ ಹೋಗೋದು. ಒಂದು ಚೌಕಟ್ಟು ಹತ್ತಡಿ ಉದ್ದ, ಸುಮಾರು 260 ಕಿಲೋ ತೂಕ, ಆರು ಜನ ಹೊರಬೇಕು. ನಮ್ಮ ಬೀರುವಿಗೆ ನಾನು, ತಮ್ಮ, ಅಮ್ಮ, ಹಾಲಿನವನು. ಎಣಿಕೆ ಹೇಳೋದು ಅಪ್ಪ. ಅವರು ಮುಟ್ಟುತ್ತಿರಲಿಲ್ಲ, ಅದು ಬೇರೆ ಮಾತು. ನನ್ನ ಮದುವೆ ಚಪ್ಪರಕ್ಕೂ ನಕ್ಷೆ ಬರೆದು, ಚಪ್ಪರದವನಿಗೆ ಗೂಟದಿಂದ ಗೂಟಕ್ಕೆ ಅಳತೆ ಕೊಟ್ಟು, ಅವನು ಮುಂಗಡ ವಾಪಸ್ ಕೊಟ್ಟು ಓಡಿಹೋಗೋ ಹಂಗೆ ಮಾಡಿದ್ದರು.

ಹನ್ನೊಂದನೇ ದಿನದ ತಿಥಿಗೆ ಒಬ್ಬ ವಯಸ್ಸಾದವರು ಬಂದರು. ಕೋಲು, ಬಿಳಿ ಶರ್ಟು, ಎದೆ ಮೇಲೆ ಪದಕಗಳು. ಕೆಜಿಎಫ್‌ನಿಂದ ಬೆಳಿಗ್ಗೆ ನಾಲ್ಕಕ್ಕೆ ಹೊರಟವರು. ಅಪ್ಪನ ಕೈಕೆಳಗೆ ಇದ್ದವರು, ಸುಬೇದಾರ್ ಆಗಿ ನಿವೃತ್ತರಾದವರು. ಸೈನ್ಯದಲ್ಲಿ ಅಧಿಕಾರಿ ಸುಬೇದಾರರನ್ನು 'ಸಾಬ್' ಅಂತಾನೆ, ಸುಬೇದಾರರೂ ಅವನನ್ನು 'ಸಾಬ್' ಅಂತಾರೆ. ಹೊಸ ವರ್ಷಕ್ಕೆ ಇವರಿಬ್ಬರೂ ಫೋನಿನಲ್ಲಿ ಸಾಬ್ ಸಾಬ್ ಅಂತ ಕೂಗಾಡೋದು ಕೇಳಿ ನಾವು ಚಿಕ್ಕವರಿದ್ದಾಗ ನಗ್ತಿದ್ದೆವು. ಮುಖ ನೋಡಿದ್ದು ಇದೇ ಮೊದಲು.

ಫೋಟೋ ಮುಂದೆ ನಿಂತು ಸೆಲ್ಯೂಟ್ ಹೊಡೆದರು. ಎಲೆ ಹಾಕೋದಕ್ಕೆ ಹೊತ್ತಿತ್ತು, ಕೈ ತೊಳೆಯೋದಕ್ಕೆ ಹಿತ್ತಲಿಗೆ ಕರೆದುಕೊಂಡು ಹೋದೆ. ಒಗೆಯೋ ಕಲ್ಲಿನ ಪಕ್ಕ ಮೊಳೆಗೆ ಒಂದು ಛತ್ರಿ ಕಡ್ಡಿ ನೇತುಹಾಕಿತ್ತು. ಸುಬೇದಾರರು ಅದನ್ನೇ ನೋಡ್ತಾ ನಿಂತರು.

"ಇದು ಸಾಬ್‌ದಾ?"

ಹೌದು ಅಂದೆ. ಅಪ್ಪ ಗಿಡ ನೆಡೋ ಮುಂಚೆ ಆ ಕಡ್ಡಿಯನ್ನು ಮಣ್ಣಿಗೆ ಓರೆಯಾಗಿ ಚುಚ್ಚಿ ಚುಚ್ಚಿ ನೋಡ್ತಿದ್ದರು. ಒಂದು ಗೇಣು ಜಾಗ ನೋಡಿ, ಆಮೇಲೆ ಪಕ್ಕದ ಗೇಣು. ಕರಿಬೇವಿನ ಸಸಿ ಒಂದಕ್ಕೆ ಅರ್ಧ ಗಂಟೆ. ಮಣ್ಣಲ್ಲಿ ತೇವ ನೋಡ್ತಾರೆ ಅಂತ ನಾನು, ನೀರಿನ ಪೈಪ್ ಇದೆಯಾ ಅಂತ ನೋಡ್ತಾರೆ ಅಂತ ಅಮ್ಮ ಅಂದುಕೊಂಡಿದ್ದೆವು.

ಸುಬೇದಾರರು ಕಡ್ಡಿ ಕೆಳಗಿಳಿಸಿ, ಕೋಲು ಗೋಡೆಗೆ ಒರಗಿಸಿ, ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತರು. ನೆಲಬಾಂಬು ಹುಡುಕೋದು ಹೆಂಗೆ ಅಂತ ತಮಿಳು ಬೆರೆತ ಕನ್ನಡದಲ್ಲಿ ಹೇಳಿಕೊಟ್ಟರು. "ನೇರ ಚುಚ್ಚಿದ್ರೆ ಕಡ್ಡಿ ಮೈನ್‌ನ ತಲೆ ಮೇಲೆ ಬೀಳುತ್ತೆ ಅಮ್ಮಾ. ಪೋಯಿಡುಚ್ಚು, ಮುಗೀತು. ಹಿಂಗೆ, ಮೂವತ್ತು ಡಿಗ್ರಿ. ಆಗ ಪಕ್ಕಕ್ಕೆ ತಾಗುತ್ತೆ."

1971ರ ಡಿಸೆಂಬರ್, ಪಾಕಿಸ್ತಾನದ ಜೊತೆ ಯುದ್ಧ, ಶಕರ್‌ಗಢದ ಕಡೆ. ಅದೇ ವಲಯದಲ್ಲೇ ಬಸಂತರ್ ನದಿಯ ಕದನ ಆಗಿದ್ದು. ನೆಲಬಾಂಬಿನ ಹೊಲದಲ್ಲಿ ದಾರಿ ಪೂರ್ತಿ ಆಗೋ ಮುಂಚೆಯೇ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ನುಗ್ಗಿದ್ದು, ಡಿಸೆಂಬರ್ 16ರಂದು 21 ವರ್ಷದ ಅರುಣ್ ಖೇತರ್‌ಪಾಲ್ ಸತ್ತು ಪರಮವೀರ ಚಕ್ರ ಪಡೆದಿದ್ದು ಪುಸ್ತಕಗಳಲ್ಲಿ ಇದೆ. ಅಪ್ಪನ ಕಂಪನಿ ಇದ್ದಿದ್ದು ಆ ಜಾಗದಲ್ಲಲ್ಲ. ಇವರದು ಬೇರೆ ಹೊಲ, ಯಾರೂ ಬರೆಯದ ಹೊಲ. ರಾತ್ರಿ ಹೊಟ್ಟೆ ಮೇಲೆ ತೆವಳ್ತಾ, ಕಡ್ಡಿ ಚುಚ್ಚುತ್ತಾ, ದಾರಿ ಆದಷ್ಟಕ್ಕೆ ಎರಡೂ ಕಡೆ ಬಿಳಿ ಪಟ್ಟಿ ಹಾಸ್ತಾ ಹೋಗೋದು. ಚಳಿಗೆ ಬೆರಳು ಮರಗಟ್ಟಿದರೆ ಕಡ್ಡಿಗೆ ತಾಗಿದ್ದು ಕಲ್ಲೋ ಬಾಂಬೋ ಗೊತ್ತಾಗಲ್ಲ. ಅಪ್ಪ ಒಬ್ಬೊಬ್ಬ ಹುಡುಗನ ಹತ್ರವೂ ತೆವಳಿಕೊಂಡು ಹೋಗಿ "ಮೊದಲು ಕೈ ಕಂಕುಳಲ್ಲಿ ಇಟ್ಟುಕೋ. ಬೆಚ್ಚಗಾಗಲಿ. ಅವಸರ ಇಲ್ಲ" ಅಂತಿದ್ದರಂತೆ. ಹಿಂದೆ ವೈರ್‌ಲೆಸ್‌ನಲ್ಲಿ ಮೇಲಿನವರು ಬೇಗ ಬೇಗ ಅಂತ ಬೈತಿದ್ದರಂತೆ.

ಅವಸರ ಇಲ್ಲ! ಅದನ್ನು ಹೇಳಿದ್ದು ನಮ್ಮಪ್ಪನಾ? ಸಿನಿಮಾಗೆ ಐದು ನಿಮಿಷ ತಡ ಅಂತ ಅರ್ಧ ದಾರಿಯಿಂದ ಗಾಡಿ ತಿರುಗಿಸಿದವರು?

ತಿಥಿ ಊಟ ಆದ ಮೇಲೆ ಸುಬೇದಾರರು ಆ ಛತ್ರಿ ಕಡ್ಡಿ ಕೇಳಿದರು. ಕೊಟ್ಟುಬಿಟ್ಟೆ. ಆಮೇಲೆ ಸ್ವಲ್ಪ ಹೊಟ್ಟೆ ಉರೀತು.

ಎರಡನೇ ಸಲ ಅರ್ಜಿ ನಿಂತಿದ್ದು ಅಮ್ಮನ ಹೆಸರಿಗೆ. ಪಿಂಚಣಿ ಆದೇಶದಲ್ಲಿ, ಅಂದರೆ ಪಿಪಿಒದಲ್ಲಿ, ಅವಳ ಹೆಸರು ಮದುವೆಗೆ ಮುಂಚಿನ ಹಾಗೇ ಇದೆ. ಆಧಾರ್‌ನಲ್ಲಿ ಕೊನೆಗೆ ಒಂದು 'ಮ್ಮ' ಸೇರಿದೆ. ಆಧಾರ್ ಮಾಡಿಸುವಾಗ ಹುಡುಗ ಹೆಸರು ಕೇಳಿದ, ಇವಳು ಬೀದಿಯವರೆಲ್ಲಾ ಕರೆಯೋ ಹಾಗೆ ಹೇಳಿದಳು, ಮುಗೀತು. ಕೌಂಟರಿನಲ್ಲಿ ಕೂತಿದ್ದವರು ಎರಡೂ ಕಾಗದ ಪಕ್ಕಪಕ್ಕ ಇಟ್ಟು "ಇವರಿಬ್ಬರೂ ಒಬ್ಬರೇ ಅಂತ ಹೆಂಗೆ ನಂಬೋದು?" ಅಂದರು. ಅಮ್ಮ ಎದುರಿಗೇ ಕೂತಿದ್ದಾಳೆ. ಐವತ್ತನಾಲ್ಕು ವರ್ಷ ಸಂಸಾರ ಮಾಡಿದವಳು.

ತಪ್ಪು ನಮ್ಮದೂ ಇತ್ತು ಬಿಡಿ. ಅಪ್ಪನ ಹಾಳೆಯ ಏಳನೇ ಸಾಲಿನಲ್ಲೇ ಇತ್ತು: 'ಅಮ್ಮನ ಹೆಸರು ಎಲ್ಲ ಕಡೆ ಒಂದೇ ಥರ ಇದೆಯಾ ನೋಡಿ. ನಾನು ಇರುವಾಗಲೇ ಸರಿ ಮಾಡಿಸಬೇಕು.' ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಗುರುತು. ಎಲ್ಲಾ ಲೆಕ್ಕ ಹಾಕಿದ ಮನುಷ್ಯನಿಗೆ ಇದೊಂದು ಉಳಿದುಹೋಗಿತ್ತು. ನಿಮ್ಮ ಮನೆಯಲ್ಲೂ ಯಾರಾದರೂ ಪಿಂಚಣಿದಾರರು ಇದ್ದರೆ ಇವತ್ತೇ ಎರಡು ಕಾಗದ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ನಾಳೆ ಅನ್ನಬೇಡಿ.

ನೋಟರಿ ಹತ್ರ ಪ್ರಮಾಣಪತ್ರ ಮಾಡಿಸಿ, ಒಂದು ಇಂಗ್ಲಿಷ್ ಪೇಪರು, ಒಂದು ಕನ್ನಡ ಪೇಪರಿನಲ್ಲಿ ಜಾಹೀರಾತು ಕೊಟ್ಟೆವು. ಇಬ್ಬರೂ ಒಬ್ಬರೇ ಅಂತ. ಇದರ ಜೊತೆ ಹಳೇ ದಾಖಲೆ ಇದ್ದರೆ ಒಳ್ಳೇದು ಅಂದರು. ಮತ್ತೆ ಟ್ರಂಕು.

ಸೈನ್ಯದಲ್ಲಿ ಮನೆ ವಿಷಯ ಏನೇ ಆದರೂ 'ಪಾರ್ಟ್ ಟೂ ಆರ್ಡರ್' ಅಂತ ಒಂದು ಪ್ರಕಟಣೆ ಹೊರಡಬೇಕು. ಮದುವೆ, ಮಗು, ರಜೆ ಎಲ್ಲಾ. ಅದರಲ್ಲಿ ಬರದಿದ್ದರೆ ಸರ್ಕಾರದ ಲೆಕ್ಕಕ್ಕೆ ಅದು ಆಗಿಯೇ ಇಲ್ಲ. 1970ರ ಮದುವೆ ಆರ್ಡರು ಸಿಕ್ಕಿತು. ಅದರ ಹಿಂದೆ ಪಿನ್ ಹಾಕಿದ್ದು 1973ರದು. ಟೈಪ್ ಮಾಡಿದ ತೆಳ್ಳನೆ ಹಾಳೆ, ಅಕ್ಷರ ಬಿದ್ದ ಕಡೆ ತೂತು. ನನ್ನ ಹೆಸರು, ಹುಟ್ಟಿದ ತಾರೀಕು. ಮೇಲೆ 'ಕ್ಯಾಶುವಲ್ಟಿ' ಅಂತ ಇತ್ತು.

ನಾನು ಎರಡು ಸಲ ಓದಿದೆ. ಅದು ಸೈನ್ಯದ ಭಾಷೆಯಂತೆ. ಒಬ್ಬನ ದಾಖಲೆಯಲ್ಲಿ ಬದಲಾಗೋ ಯಾವ ಸಂಗತಿಗೂ ಅದೇ ಪದ. ಗಾಯ ಆದರೂ ಕ್ಯಾಶುವಲ್ಟಿ, ಮಗಳು ಹುಟ್ಟಿದರೂ ಕ್ಯಾಶುವಲ್ಟಿ. ಪಕ್ಕದ ಖಾಲಿ ಜಾಗದಲ್ಲಿ ಅಪ್ಪ ಕನ್ನಡದಲ್ಲಿ ಬರೆದಿದ್ದರು: 'ತಂತಿ ಒಂಬತ್ತು ದಿನ ತಡ. ಲಡ್ಡು ಇಲ್ಲ, ಕಂಪನಿಗೆಲ್ಲ ಬೆಲ್ಲ ಹಂಚಿದೆ.'

ನಾನು ಹುಟ್ಟಿದಾಗ ಅಪ್ಪ ಬರಲಿಲ್ಲ ಅನ್ನೋದು ನಮ್ಮ ಮನೆಯ ಹಳೇ ದೂರು. ಅಮ್ಮ ನೂರು ಸಲ ಹೇಳಿದ್ದಾಳೆ, ನಾನೂ ಸಿಟ್ಟು ಬಂದಾಗೆಲ್ಲಾ ಎತ್ತಿ ಆಡಿದ್ದೇನೆ. ಅವರು ಒಂದು ಸಲವಾದರೂ ಬೆಲ್ಲದ ವಿಷಯ ಹೇಳಬಹುದಿತ್ತಲ್ವಾ? ಅದೇ ಫೈಲಿನ ಪೋಸ್ಟಿಂಗ್ ಪಟ್ಟಿ ಇಟ್ಟುಕೊಂಡು ಲೆಕ್ಕ ಹಾಕಿದೆ. ನನಗೆ ಹದಿನೈದು ತುಂಬೋವರೆಗೆ ಅಪ್ಪ ನಮ್ಮ ಜೊತೆ ಒಂದೇ ಸೂರಿನಡಿ ಇದ್ದಿದ್ದು ಎಂಟು ವರ್ಷ. ಮಿಕ್ಕ ಏಳು ವರ್ಷ ನಮಗೆ ಅಪ್ಪ ಅಂದರೆ '56 ಎಪಿಒ' ಅನ್ನೋ ಸೈನ್ಯದ ಅಂಚೆ ವಿಳಾಸ. ಊರಿನ ಹೆಸರೇ ಇಲ್ಲದ ವಿಳಾಸ. ಇನ್‌ಲ್ಯಾಂಡ್ ಲೆಟರಿನಲ್ಲಿ ನಾನು ಬರೆದ ಕಾಗುಣಿತ ತಪ್ಪನ್ನೆಲ್ಲಾ ಕೆಂಪು ಶಾಯಿಯಲ್ಲಿ ತಿದ್ದಿ, ನನ್ನ ಕಾಗದವನ್ನೇ ನನಗೆ ವಾಪಸ್ ಕಳಿಸ್ತಿದ್ದರು. ಪ್ರೀತಿ ಅಂತ ಈಗ ಅನ್ನಿಸಬಹುದು. ಒಂಬತ್ತು ವರ್ಷದ ಹುಡುಗಿಗೆ ಹಾಗೆ ಅನ್ನಿಸಿರಲಿಲ್ಲ. ಈಗಲೂ ಪೂರ್ತಿ ಅನ್ನಿಸಲ್ಲ.

ಅಮ್ಮನಿಗೆ ಆ ಹಾಳೆ ಓದಿ ಹೇಳಿದೆ. ಅವಳು ಸುಮ್ನೆ ಬೀನ್ಸ್ ನಾರು ತೆಗೀತಾ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ "ಬೆಲ್ಲ ಎಷ್ಟು ಕೆಜಿ ಅಂತ ಬರೆದಿಲ್ವಾ?" ಅಂದಳು.

ಆಗಸ್ಟಿನಲ್ಲಿ ಹೆಸರು ಸರಿಹೋಯಿತು. ಅಕ್ಟೋಬರಿನಲ್ಲಿ ಹಿಂಬಾಕಿ ಸಮೇತ ಕುಟುಂಬ ಪಿಂಚಣಿ ಬಂತು. ನಡುವೆ ಅಪ್ಪನ ಇಸಿಎಚ್‌ಎಸ್ ಕಾರ್ಡು, ಅಂದರೆ ನಿವೃತ್ತ ಸೈನಿಕರ ಆಸ್ಪತ್ರೆ ಸೌಲಭ್ಯದ್ದು, ವಾಪಸ್ ಕೊಟ್ಟು ಅಮ್ಮನದನ್ನು ಬದಲಾಯಿಸಿದ್ದು, ಕ್ಯಾಂಟೀನ್ ಕಾರ್ಡು, ಸೈನಿಕ ಕಲ್ಯಾಣ ಇಲಾಖೆಯ ಗುರುತಿನ ಚೀಟಿ ಇವೆಲ್ಲಾ ಆದವು. ಒಂದೊಂದಕ್ಕೂ ಒಂದೊಂದು ಡೆತ್ ಸರ್ಟಿಫಿಕೇಟ್. ಒಟ್ಟು ಒಂಬತ್ತು ಖರ್ಚಾದವು. ಒಂದು ಉಳಿದಿದೆ.

ಪದಕಗಳನ್ನು ಚೌಕಟ್ಟು ಹಾಕಿಸಿದೆವು. ಪಶ್ಚಿಮೀ ಸ್ಟಾರ್, ಸಂಗ್ರಾಮ್ ಮೆಡಲ್, 'ಹಿಮಾಲಯ' ಪಟ್ಟಿ ಇರೋ ಸೈನ್ಯ ಸೇವಾ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ್ದು, ಒಂಬತ್ತು ವರ್ಷದ ಸೇವೆಯದ್ದು, ಇಪ್ಪತ್ತು ವರ್ಷದ ಸೇವೆಯದ್ದು. ಶೌರ್ಯದ ಪದಕ ಒಂದೂ ಇಲ್ಲ. ಎಲ್ಲಾ, ಆ ಹೊತ್ತಿಗೆ ಆ ಜಾಗದಲ್ಲಿ ಇದ್ದೆ ಅನ್ನೋ ಪದಕಗಳು. ಮೊಮ್ಮಗ ಒಂದು ದಿನ ಶರ್ಟಿನ ಎಡಗಡೆ ಇಟ್ಟುಕೊಂಡು ನೋಡ್ತಿದ್ದ. ಅಮ್ಮ ಬೈದಳು. ಪಡೆದವರು ಎಡಕ್ಕೆ, ಅವರ ಮನೆಯವರು ಬಲಕ್ಕೆ.

ನವೆಂಬರ್ ಬಂತು. ಪ್ರತಿ ವರ್ಷ ನವೆಂಬರಿನಲ್ಲಿ ಪಿಂಚಣಿದಾರರು ಬದುಕಿದ್ದೇವೆ ಅಂತ ತೋರಿಸಬೇಕು, ಜೀವನ ಪ್ರಮಾಣ ಪತ್ರ. ಅಪ್ಪ ಅದನ್ನು ಒಂದನೇ ತಾರೀಕೇ ಮುಗಿಸ್ತಿದ್ದರು. ಹಿಂದಿನ ರಾತ್ರಿ ಶರ್ಟಿಗೆ ಇಸ್ತ್ರಿ, ಬೂಟಿಗೆ ಪಾಲಿಶ್. "ಎಲ್ಲಿಗೆ ಹೊರಟ್ರಿ?" ಅಂದರೆ "ರಿಪೋರ್ಟಿಂಗ್ ಅಲೈವ್" ಅಂತಿದ್ದರು.

ಈಗ ಮೊಬೈಲಿನಲ್ಲೇ ಮುಖ ತೋರಿಸಿದರೆ ಆಗುತ್ತೆ. ಅಮ್ಮನದು ಇದು ಮೊದಲ ಸಲ. ಒಂದನೇ ತಾರೀಕೇ ಆಗಬೇಕು ಅಂದಳು. ಬೆಳಿಗ್ಗೆ ಸ್ನಾನ ಮಾಡಿ, ಒಳ್ಳೇ ಸೀರೆ ಉಟ್ಟು, ಹಾಲ್‌ನಲ್ಲಿ ಕುರ್ಚಿ ಹಾಕಿಕೊಂಡು ನೆಟ್ಟಗೆ ಕೂತಳು. ನಾನು ಫೋನ್ ಹಿಡಿದೆ. ಪರದೆ ಮೇಲೆ ಒಂದು ಗುಂಡನೆ ಗೆರೆ, ಅದರೊಳಗೆ ಅಮ್ಮನ ಮುಖ. ಅಮ್ಮ ಕಣ್ಣು ಅಗಲ ಮಾಡಿಕೊಂಡು ನೋಡ್ತಾ ಕೂತಳು, ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ.

"ಅಮ್ಮ, ರೆಪ್ಪೆ ಬಡಿ."

"ಯಾಕೆ?"

"ರೆಪ್ಪೆ ಬಡಿದರೆ ಬದುಕಿದ್ದೀಯ ಅಂತ ಗೊತ್ತಾಗುತ್ತೆ ಅದಕ್ಕೆ."

ಅಮ್ಮ ಫೋನನ್ನೂ ನೋಡಿದಳು, ಗೋಡೆ ಮೇಲಿನ ಫೋಟೋನೂ ನೋಡಿದಳು.

"ಐವತ್ನಾಲ್ಕು ವರ್ಷ ನಿಮ್ಮಪ್ಪನಿಗೇ ಕಣ್ಣು ಹೊಡೆದವಳಲ್ಲ ನಾನು. ಈಗ ಸರ್ಕಾರಕ್ಕೆ ಹೊಡೀಬೇಕಾ?"

ನನಗೆ ನಗು ತಡೆಯಲಿಲ್ಲ, ಫೋನ್ ಅಲ್ಲಾಡಿಹೋಯಿತು. ಮುಖ ಸರಿಯಾಗಿ ಕಾಣ್ತಿಲ್ಲ, ಮತ್ತೆ ಪ್ರಯತ್ನಿಸಿ ಅಂತ ಬಂತು.